ವಿಧ್ಯರ್ಥದ ಪಾಠ

ಪಠ್ಯಪುಸ್ತಕದ ಏಳನೇ ಅಧ್ಯಾಯದಲ್ಲಿ
ಬಿಸಿಲು, ಕಡಲತೀರ, ಹೋಟೆಲಿನ ಕೋಣೆ.
'ಮಾಣಿ, ಇನ್ನೊಂದು ನಿಂಬೆ ಪಾನಕ ತಾ.'
ಈ ಊರಿಂದ ಕಡಲಿಗೆ ಎರಡು ದಿನದ ದಾರಿ.
ಇಲ್ಲಿರುವುದು ಜೋಳದ ಹೊಲ, ಕಾಳಿನ ಕಣಜ, ರೈಲು ಹಳಿ,
ಹಳಿಯಾಚೆ ಹಂದಿಮಾಂಸದ ಕಾರ್ಖಾನೆ.
ತೆಂಕಣ ಗಾಳಿ ಎದ್ದ ದಿನ
ಕಿಟಕಿ ಮುಚ್ಚಿಕೊಂಡೇ ಕ್ರಿಯಾಪದ ತಿದ್ದುತ್ತೇನೆ.

ಇಪ್ಪತ್ತೆರಡು ವರ್ಷದಿಂದ ಈ ಹೈಸ್ಕೂಲಿನ ಸ್ಪ್ಯಾನಿಷ್ ಟೀಚರು,
ವೆರ್ಲೀನ್ ಕೊಲಾರಿಕ್. ನೆಬ್ರಾಸ್ಕದಲ್ಲೇ ಹುಟ್ಟಿದವಳು.
ನನ್ನಜ್ಜಿ ತನ್ನ ಚೆಕ್ ನುಡಿಯನ್ನು
ಉಪ್ಪಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು,
ನಂಟರು ಬಂದಾಗ ಮಾತ್ರ ಒಂದು ಚಿಟಿಕೆ.
ನನ್ನ ಪಾಲಿಗೆ ಬಂದದ್ದು ಬರೀ ಡಬ್ಬಿ.

ಆ ಮಂಗಳವಾರ ಪುಸ್ತಕ ಮುಚ್ಚಿಸಿ ಕೇಳಿದೆ:
ನಿಮಗೆ ಈಗಾಗಲೇ ಬರುವ ಸ್ಪ್ಯಾನಿಷ್ ಹೇಳಿ.
ಟಾಕೊ, ಅಂದರು. ಫಿಯೆಸ್ತಾ, ಅಂದರು. ನಕ್ಕರು.
ಹಿಂದಿನ ಸಾಲಿಂದ ಬ್ರೆಕ್ ಹಾವರ್‌ಕಾಂಪ್,
ಕಾರ್ಖಾನೆಯ ಸೂಪರ್‌ವೈಸರನ ಮಗ,
ಕೈಯೆತ್ತದೆ ಹೇಳಿದ, ಅಪ್ಪನಿಗೆ ಬರುವುದು ನಾಲ್ಕೇ ಮಾತು:
ಮಾಸ್ ರಾಪಿದೊ. ಇನ್ನೂ ಬೇಗ.
ಲಿಂಪಿಯಾ. ತೊಳೆ.
ಒತ್ರಾ ವೆಸ್. ಇನ್ನೊಂದ್ಸಲ.
ಕಾಯಾತೆ. ಬಾಯ್ಮುಚ್ಚು.

ಹಲಗೆಯ ಮೇಲೆ ಬರೆದೆ. ಎಲ್ಲವೂ ಏಕವಚನ.
ಕ್ರಿಯಾಪದ ಇಲ್ಲದ ಕಡೆಯೂ ಅಪ್ಪಣೆ.

ಆಗ ಯಾರೆತ್ಸಿ, ಕಿಟಕಿ ಪಕ್ಕದವಳು, ಇಡೀ ವರ್ಷ
ಹೂಂ ಉಹೂಂ ಬಿಟ್ಟು ಏನೂ ಆಡದವಳು,
ಹಲಗೆಯನ್ನೇ ನೋಡುತ್ತ ಅಂದಳು:
'ಅಮ್ಮ ನಿದ್ದೆಯಲ್ಲಿ ಇದನ್ನೇ ಹೇಳುತ್ತಾಳೆ.
ಇವೇ ಮಾತು. ಇದೇ ತಪ್ಪು ಉಚ್ಚಾರ.'

ಗಂಟೆ ಹೊಡೆಯಲು ಇನ್ನೂ ಹನ್ನೊಂದು ನಿಮಿಷವಿತ್ತು.
ಅಂಥ ಹನ್ನೊಂದು ನಿಮಿಷದಲ್ಲಿ ಏನು ಮಾಡಬೇಕೆಂದು
ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ.
ಸೀಮೆಸುಣ್ಣ ಎತ್ತಿಕೊಂಡು 'ತೂ' ಎಂದು ಬರೆದೆ,
ಪಕ್ಕದಲ್ಲಿ 'ಉಸ್ತೆದ್'.
ನೀನು. ನೀವು.
ಇಂಗ್ಲಿಷಿನ ಮಕ್ಕಳಿಗೆ ಇದು ಕಷ್ಟ,
ಅವರ ನುಡಿಮನೆಯಲ್ಲಿ ಇರುವುದು ಒಂದೇ ಕುರ್ಚಿ,
ಮೇಯರ್ ಬಂದರೂ ಅದೇ, ನಾಯಿ ಬಂದರೂ ಅದೇ.
ಉಸ್ತೆದ್ ಯಾರಿಗೆ? ಕೇಳಿದೆ.
ಜಡ್ಜಿಗೆ. ಪಾದ್ರಿಗೆ. ಪೊಲೀಸಿಗೆ.
ಹಲ್ಲಿನ ಡಾಕ್ಟರಿಗೆ, ಅಂದಳು ಒಬ್ಬಳು.
ಬ್ರೆಕ್ ಸುಮ್ಮನಿದ್ದ. ಕಿವಿ ಕೆಂಪಗಿತ್ತು.

ಮನೆಗೆಲಸ ಕೊಟ್ಟೆ: ಊರಲ್ಲಿ ಯಾರೂ
ಬಹುವಚನ ಕೊಡದ ಒಬ್ಬರನ್ನು ಹುಡುಕಿ,
ಒಂದೇ ಒಂದು ವಾಕ್ಯ, ನೀವು ಹಚ್ಚಿ, ಆಡಿ ಬನ್ನಿ.
ಪ್ರಿನ್ಸಿಪಾಲರ ಇಮೇಲ್ ಬಂತು:
'ಪಠ್ಯಕ್ರಮದೊಳಗೇ ಇರೋಣ.'
ಇದ್ದೇನೆ ಎಂದೆ. ವಿಧ್ಯರ್ಥ, ಏಳನೇ ಅಧ್ಯಾಯ, ಪುಟ ನೂರ ನಾಲ್ಕು.

ಗುರುವಾರ ಪಾಲಕರ ಸಭೆ. ಜಿಮ್ಮಿನಲ್ಲಿ ಮಡಚು ಕುರ್ಚಿ, ನೀರುಕಾಫಿ.
ಯಾರೆತ್ಸಿಯ ತಾಯಿ ಪಾಳಿ ಮುಗಿಸಿ ನೇರ ಬಂದಿದ್ದರು,
ಹಣೆಯಲ್ಲಿ ಇನ್ನೂ ಬಲೆಟೊಪ್ಪಿಯ ಗೆರೆ,
ಬಲ ಮಣಿಕಟ್ಟಿಗೆ ಪಟ್ಟಿ.
ಬ್ರೆಕ್ ಒಂದು ಕುರ್ಚಿ ಬಿಡಿಸಿ ಮುಂದಿಟ್ಟ.
'ಸಿಯೆಂತೆಸೆ, ಸೆನ್ಯೋರಾ.'
ಕೂತುಕೊಳ್ಳಿ, ಅಮ್ಮಾ.

ಆಕೆ ಹಿಂತಿರುಗಿ ನೋಡಿದರು,
ಯಾವ ಸೆನ್ಯೋರಾ ಬಂದು ನಿಂತಿದ್ದಾರೆಂದು.
ಗೋಡೆ ಇತ್ತು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇತ್ತು.

ಇದನ್ನು ಗೆಲುವೆಂದು ಬರೆಯಲಾರೆ.
ಆ ಹುಡುಗನ ಅಪ್ಪ ಬಂದಿರಲಿಲ್ಲ.
ಬೆಳಗಿನ ಐದಕ್ಕೆ ಕೊಕ್ಕೆಗಳ ಸರಪಳಿ ಮತ್ತೆ ಓಡಿತು,
ಅದೇ ವೇಗ, ಅವೇ ನಾಲ್ಕು ಮಾತು.
ಸೋಮವಾರದ ಪರೀಕ್ಷೆಯಲ್ಲಿ ಬ್ರೆಕ್
'ಸಿಯೆಂತೆಸೆ'ಯ ನೆತ್ತಿಯ ಗೆರೆ ಮರೆತಿದ್ದ.
ಅರ್ಧ ಅಂಕ ಕಳೆದೆ. ಕಳೆಯಲೇಬೇಕು,
ಆ ಗೆರೆಯಿಲ್ಲದಿದ್ದರೆ ಒತ್ತು ತಪ್ಪುತ್ತದೆ.

ಹಾಳೆಯ ಅಂಚಲ್ಲಿ, ಪೆನ್ಸಿಲಿನಲ್ಲಿ, ಉಜ್ಜಿ ಮತ್ತೆ ಬರೆದ ಪ್ರಶ್ನೆ:
'ಮೇಡಂ, ಅಪ್ಪನಿಗೆ ಏನಾದರೂ ಹೇಳಬೇಕಾದಾಗ
ತೂ ಅನ್ನಬೇಕೋ, ಉಸ್ತೆದ್ ಅನ್ನಬೇಕೋ?'
ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ.
ಅದು ಮನೆಮನೆಗೆ ಬೇರೆ, ಎಂದು ಬರೆದೆ.